ಫ್ರಾಂಚೈಸ್ ಅಂದ್ರೆ ಬರೀ ಅಂಗಡಿನಾ?

ಕೇಳುಗರಿಗೆಲ್ಲಾ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತು, ಫ್ರಾಂಚೈಸ್. ಕಾಂಪಿಟಿಟಿವ್ ಎಕ್ಸಾಮ್‌ಗೆ ಓದೋ ಮಕ್ಕಳು ರೇಡಿಯೋ ಹಚ್ಕೊಂಡು ಕೂತಿರ್ತೀರ ಅನ್ಕೊಂಡೇ ಮಾತಾಡ್ತೀನಿ, ಯಾಕಂದ್ರೆ ಈ ಪ್ರಶ್ನೆ ಜಾಸ್ತಿ ಬರೋದು ನಿಮ್ಮಿಂದಾನೇ. ಓಟು ಹಾಕೋ ಹಕ್ಕಿಗೂ ಫ್ರಾಂಚೈಸ್ ಅಂತಾರೆ, ಬರ್ಗರ್ ಅಂಗಡಿಗೂ ಅಂತಾರೆ, ಕ್ರಿಕೆಟ್ ಟೀಮಿಗೂ ಅಂತಾರೆ, ಏನ್ ಸಂಬಂಧ ಅಂತ. ಕೆಲವರಂತೂ ಅಂಗಡಿಯಿಂದಾನೇ ಪದ ಓಟಿಗೆ ಬಂತು ಅಂತ ವಾದಾನೇ ಮಾಡ್ತಾರೆ. ಅಲ್ಲಪ್ಪಾ! ಈ ಮನೇಲಿ ಅಂಗಡಿ ಅನ್ನೋದು ಕಿರಿ ಸೊಸೆ, ಮೊನ್ನೆ ಮೊನ್ನೆ ಬಂದಿದ್ದು.

ಒಂದೇ ಮಾತು ಬರ್ಕೊಳ್ಳಿ. ಫ್ರಾಂಚೈಸ್ ಅಂದ್ರೆ ಬಿಡುಗಡೆ, ಅದೂ ಮೇಲಿರೋರು ಯಾರೋ ಕೊಟ್ಟ ಬಿಡುಗಡೆ. ಎಲ್ಲಿ ಈ ಪದ ಕಂಡ್ರೂ ಕೊಟ್ಟೋರು ಯಾರು, ಬಿಡುಗಡೆ ಸಿಕ್ಕಿದ್ದು ಯಾರಿಗೆ ಅಂತ ಕೇಳಿ, ಅರ್ಥ ತಾನಾಗೇ ಹೊರಗೆ ಬರುತ್ತೆ.

ಮೂಲ ಎಲ್ಲಿ ಅಂದ್ರೆ ಫ್ರಾಂಕರು. ರೋಮ್ ಸಾಮ್ರಾಜ್ಯ ಕುಸೀತಿದ್ದಾಗ ಗಾಲ್ ಅನ್ನೋ ಸೀಮೆ, ಅಂದ್ರೆ ಇವತ್ತಿನ ಫ್ರಾನ್ಸ್, ಅದನ್ನ ಹಿಡಿದ ಜರ್ಮನಿಕ್ ಜನ. ಅಲ್ಲಿ ಪೂರ್ತಿ ಸ್ವತಂತ್ರರು ಅಂದ್ರೆ ಆಳೋ ಫ್ರಾಂಕರೇ, ಹಂಗಾಗಿ ಜನಾಂಗದ ಹೆಸರೇ 'ಸ್ವತಂತ್ರ' ಅನ್ನೋ ಅರ್ಥಕ್ಕೆ ತಿರುಗಿಬಿಡ್ತು. ಹಳೇ ಫ್ರೆಂಚಲ್ಲಿ ಫ್ರಾಂಕ್ ಅಂದ್ರೆ ಸ್ವತಂತ್ರ, ಫ್ರಾಂಚೈಸ್ ಅಂದ್ರೆ ಆ ಸ್ವಾತಂತ್ರ್ಯ. ಮುಚ್ಚುಮರೆ ಇಲ್ದೆ ಮಾತಾಡೋನು ಫ್ರಾಂಕ್, ಸ್ಟ್ಯಾಂಪ್ ಹಚ್ಚೋದ್ರಿಂದ ಬಿಡುಗಡೆ ಸಿಕ್ಕ ಕವರಿಗೆ ಬೀಳೋ ಮುದ್ರೆ ಫ್ರಾಂಕಿಂಗ್. ಅಷ್ಟೇ ಯಾಕೆ, ನಾವು ಯುರೋಪಿನವರಿಗೆ ಪರಂಗಿಯವ್ರು ಅಂತೀವಲ್ಲ, ಅದೂ ಫ್ರಾಂಕರ ಹೆಸರೇ, ಅರಬ್ಬಿ ಪಾರ್ಸಿ ಬಾಯಲ್ಲಿ ಫರಂಗಿ ಆಗಿ ನಮ್ಮ ಹತ್ರ ಬಂದಿದ್ದು.

ಇಲ್ಲೊಂದು ಕಥೆ ಹೇಳ್ಲೇಬೇಕು, ನಂಗೆ ತುಂಬಾ ಇಷ್ಟ. 1356ರ ಸೆಪ್ಟೆಂಬರ್, ಪ್ವಾತಿಯೇ ಅನ್ನೋ ಜಾಗದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ. ಫ್ರಾನ್ಸಿನ ರಾಜ ಎರಡನೇ ಜಾನ್, ಪಕ್ಕದಲ್ಲಿ ಹದಿನಾಲ್ಕು ವರ್ಷದ ಮಗ ಫಿಲಿಪ್, ಸೈನ್ಯ ಚೆಲ್ಲಾಪಿಲ್ಲಿ ಆದ್ರೂ ಇವ್ರು ಕದಲಲಿಲ್ಲ, ಕೊನೆಗೆ ಅಪ್ಪ ಮಗ ಇಬ್ರೂ ಸೆರೆ ಸಿಕ್ರು. ರಾಜನ್ನ ಲಂಡನ್ನಿಗೆ ಕರ್ಕೊಂಡು ಹೋದ್ರು. ಆಮೇಲೆ ನಾಲ್ಕು ವರ್ಷ ಚೌಕಾಸಿ ನಡೆದು 1360ರಲ್ಲಿ ಬ್ರೆತಿನಿ ಒಪ್ಪಂದ ಆಯ್ತು, ಬಿಡುಗಡೆಗೆ ಕೇಳಿದ್ದು 30 ಲಕ್ಷ ಚಿನ್ನದ ನಾಣ್ಯ! ಮೊದಲ ಕಂತು ಕೊಟ್ಟು, ಉಳಿದಿದ್ದಕ್ಕೆ ತನ್ನ ಗಂಡುಮಕ್ಕಳನ್ನೇ ಒತ್ತೆ ಇಟ್ಟು ರಾಜ ಊರಿಗೆ ಬಂದ. ಬಂದವನೇ ಡಿಸೆಂಬರ್‌ನಲ್ಲಿ ಹೊಸ ಚಿನ್ನದ ನಾಣ್ಯ ಹೊರಡಿಸಿದ. ಮೇಲೆ ಕುದುರೆ ಓಡಿಸ್ತಿರೋ ರಾಜ, ಮೈತುಂಬಾ ಕವಚ, ಎತ್ತಿ ಹಿಡಿದ ಕತ್ತಿ, ಸುತ್ತಾ ಲ್ಯಾಟಿನ್ನಲ್ಲಿ ಫ್ರಾಂಕರ ರಾಜ ಅನ್ನೋ ಅಕ್ಷರ. ನಾಣ್ಯದ ಹೆಸರೇ ಫ್ರಾಂಕ್, ಅಂದ್ರೆ ಬಿಡುಗಡೆ ಆದವನು ಅಂತಾರೆ ಕೆಲವರು! ಸೋತು ಸೆರೆಯಾಗಿ ಸಾಲ ಹೊತ್ಕೊಂಡು ಬಂದೋನ ಠೀವಿ ನೋಡಿ.

ಕಥೆ ಮುಗಿದಿಲ್ಲ, ಸ್ವಲ್ಪ ತಾಳಿ. 1363ರಲ್ಲಿ ಒತ್ತೆ ಇಟ್ಟಿದ್ದ ಮಗ ಲೂಯಿ ತಪ್ಪಿಸ್ಕೊಂಡು ಓಡಿಬಂದ. ಬೇರೆ ರಾಜ ಆಗಿದ್ರೆ ಒಳ್ಳೇದೇ ಆಯ್ತು ಅಂತಿದ್ದ. ಈತ ಏನ್ಮಾಡಿದ ಅಂದ್ರೆ, ಮಾತಿಗೆ ತಪ್ಪಿದ ಹಾಗಾಯ್ತು ಅಂತ ಮುಂದಿನ ಜನವರಿಯಲ್ಲಿ ತಾನೇ ಲಂಡನ್ನಿಗೆ ವಾಪಸ್ ಹೋಗಿ ಸೆರೆ ಕೂತ, ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡ. ನೋಡಿದ್ರಾ, ನಾಣ್ಯದ ಹೆಸರಲ್ಲಿ ಬಿಡುಗಡೆ ಇದ್ರೂ ಬಿಡುಗಡೆ ಕೊಟ್ಟೋರು ಬೇರೆಯವ್ರು, ಷರತ್ತೂ ಅವ್ರದ್ದೇ. ನಾನು ಆಗ್ಲಿಂದ ಹೇಳ್ತಿರೋದು ಇದನ್ನೇ.

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ, ಬೇಗ ಬೇಗ ಹೇಳ್ತೀನಿ. ಮಧ್ಯಕಾಲದ ಇಂಗ್ಲೆಂಡಲ್ಲಿ ಸಂತೆ ಕಟ್ಟೋದು, ಸುಂಕ ವಸೂಲಿ ಮಾಡೋದು, ಹೊಳೆ ದಾಟಿಸೋ ದೋಣಿ ನಡೆಸೋದು ಇವೆಲ್ಲ ರಾಜನ ಹಕ್ಕು, ಅದನ್ನ ಒಬ್ಬನಿಗೆ ಬಿಟ್ಟುಕೊಟ್ರೆ ಅದು ಫ್ರಾಂಚೈಸ್. ಆ ಕಡವಲ್ಲಿ ಬೇರೆಯವ್ರು ಕಾಸು ತಗೊಂಡು ಜನರನ್ನ ದಾಟಿಸೋ ಹಾಗಿಲ್ಲ, ಆದ್ರೆ ಇವನೂ ದೋಣಿ ಸರಿಯಾಗಿ ಇಟ್ಕೊಂಡಿರ್ಲೇಬೇಕು. 19ನೇ ಶತಮಾನದ ಅಮೆರಿಕದಲ್ಲಿ ದೋಣಿ ಹೋಗಿ ಟ್ರಾಮ್ ಬಂತು, ಕರೆಂಟ್ ಬಂತು, ಲೆಕ್ಕ ಅದೇ.

ಓಟು ಹೆಂಗೆ ಬಂತು ಅಂದ್ರೆ, ಓಟು ಹಾಕೋದೂ ಆಗ ಕೆಲವರಿಗಷ್ಟೇ ಇದ್ದ ಇಂಥದ್ದೇ ಸವಲತ್ತು, ಆಸ್ತಿ ಇದ್ದೋರಿಗೆ, ಗಂಡಸರಿಗೆ. ಬ್ರಿಟನ್ನಲ್ಲಿ 1832ರಲ್ಲಿ ಒಂಚೂರು ಅಗಲ ಆಯ್ತು, ಹೆಂಗಸರಿಗೆ ಗಂಡಸರ ಸಮ ಆಗಿದ್ದು 1928ಕ್ಕೆ. ನ್ಯೂಜಿಲೆಂಡ್ 1893ರಲ್ಲೇ ಹೆಂಗಸರಿಗೆ ಕೊಟ್ಟಿತ್ತು. ಎಲ್ಲರಿಗೂ ಸಿಕ್ಕಮೇಲೆ ಸವಲತ್ತು ಹೋಗಿ ಹಕ್ಕಾಯ್ತು, ಹೆಸರು ಮಾತ್ರ ಹಳೇದೇ ಉಳೀತು. ಇದನ್ನ ಇನ್ನೂ ವಿವರಿಸ್ಬೇಕಿತ್ತು, ರಾಜನ ಕಥೆ ಟೈಮ್ ತಿಂದುಬಿಡ್ತು.

ಇನ್ನು ಅಂಗಡಿ. ರೇ ಕ್ರಾಕ್ ಅನ್ನೋ ವ್ಯಾಪಾರಿ 1955ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದ, ಈ ಅರ್ಥ ಜನರ ಬಾಯಿಗೆ ಬಂದಿದ್ದೂ ಹೆಚ್ಚುಕಮ್ಮಿ ಆ ಕಾಲಕ್ಕೇ. ರಾಜನ ಜಾಗದಲ್ಲಿ ಕಂಪನಿ ಕೂತಿದೆ ಅಷ್ಟೇ. ಬೋರ್ಡ್ ಹಾಕೋಕೆ ಬಿಡುತ್ತೆ, ಫೀಸ್ ತಗೊಳ್ಳುತ್ತೆ, ಆಲೂಗಡ್ಡೆ ಎಷ್ಟು ದಪ್ಪ ಹೆಚ್ಬೇಕು ಅನ್ನೋದನ್ನೂ ತಾನೇ ಹೇಳುತ್ತೆ. ಟೀಮ್ ಆದ್ರೆ ಆಡೋಕೆ ಬಿಡೋದು ಲೀಗ್. ಸಿನಿಮಾದಲ್ಲಿ ಬಿಡೋರು ಯಾರು ಅಂದ್ರೆ, ಒಂದು ಪಾತ್ರ ಇಟ್ಕೊಂಡು ಎರಡನೇ ಭಾಗ, ಐದನೇ ಭಾಗ ತೆಗೆಯೋ ಹಕ್ಕು ಯಾರ ಕೈಲಿದೆಯೋ ಅವ್ರು.

ಇನ್ನೊಂದು ಹೇಳಿ ಎದ್ದುಬಿಡ್ತೀನಿ. ಇವತ್ತಿನ ಫ್ರೆಂಚಲ್ಲಿ ಇನ್ಶೂರೆನ್ಸ್ ಪಾಲಿಸಿ ತಗೊಂಡ್ರೆ ಅದರಲ್ಲೂ ಫ್ರಾಂಚೈಸ್ ಅಂತ ಬರುತ್ತೆ. ನಷ್ಟ ಆದಾಗ ಮೊದಲ ಇಷ್ಟು ದುಡ್ಡು ನೀವೇ ಹಾಕ್ಕೊಳ್ಳಿ, ಮಿಕ್ಕಿದ್ದು ನಾವು ನೋಡ್ಕೋತೀವಿ ಅನ್ನೋ ಮೊತ್ತ ಅದು. ಅಲ್ಲೂ ಕೇಳಿ, ಬಿಡುಗಡೆ ಸಿಕ್ಕಿದ್ದು ಯಾರಿಗೆ? ಕಂಪನಿಗೆ! ನಮಸ್ಕಾರ.