ಟೊಮೆಟೊ ಹಿಡಿಯುವ ಮೆತ್ತನೆಯ ಸ್ನಾಯು

ಈ ಕಪ್ಪು ವೃತ್ತವನ್ನು ನೋಡಿ. ಸ್ವಿಚ್ ಹಾಕುತ್ತೇನೆ. ಅಗಲವಾಯಿತು. ಆಫ್ ಮಾಡಿದೆ, ಮತ್ತೆ ಚಿಕ್ಕದಾಯಿತು. ಒಳಗೆ ಎಲ್ಲೂ ಮೋಟರ್ ಅಡಗಿಸಿಲ್ಲ. ಇರುವುದು ರಬ್ಬರಿನಂತೆ ಹಿಗ್ಗುವ ತೆಳ್ಳನೆಯ ಪಾಲಿಮರ್ ಹಾಳೆ, ಅದರ ಎರಡೂ ಕಡೆ ಬಳಿದ, ವಿದ್ಯುತ್ ಹರಿಯಬಲ್ಲ ಕಾರ್ಬನ್ ಗ್ರೀಸ್, ಅಷ್ಟೇ. ಡೈಎಲೆಕ್ಟ್ರಿಕ್ ಎಲಾಸ್ಟೊಮರ್ ಆಕ್ಚುವೇಟರ್ ಅಂತ ಇದರ ಪೂರ್ತಿ ಹೆಸರು. ನಾನು ಕೃತಕ ಸ್ನಾಯು ಅಂತಲೇ ಹೇಳುತ್ತೇನೆ.

ಈಗ ಬರುತ್ತಿರುವ ಶಾಟ್ ನಮ್ಮ ಕೋಲಾರದ ಎಪಿಎಂಸಿಯದು. ಇಲ್ಲಿ ಹದಿನೈದು ಕೆಜಿ ಬಾಕ್ಸ್ ಲೆಕ್ಕದಲ್ಲಿ ಟೊಮೆಟೊ ಹರಾಜಾಗುತ್ತದೆ. 2023ರ ಜುಲೈನಲ್ಲಿ ಇದೇ ಬಾಕ್ಸ್ 2000 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಈ ಅಮ್ಮನ ಕೈ ಗಮನಿಸಿ. ಒಂದೊಂದು ಹಣ್ಣನ್ನೂ ಹಿಡಿದ ತಕ್ಷಣ ಬೆರಳು ಅದರ ಆಕಾರಕ್ಕೆ ಬಗ್ಗುತ್ತದೆ. ದೋರುಗಾಯಿಗೆ ಒಂದು ಹಿಡಿತ, ಕೆಂಪು ಹಣ್ಣಿಗೆ ಇನ್ನೊಂದು. ಕಬ್ಬಿಣದ ರೋಬೋಟ್ ಕೈಗೆ ಇದನ್ನು ಕಲಿಸಲು ಸೆನ್ಸರ್ ಬೇಕು, ಪ್ರೋಗ್ರಾಮ್ ಬೇಕು, ಆಮೇಲೂ ಭಯ ಇದ್ದೇ ಇರುತ್ತದೆ. ಬೆರಳೇ ಮೆತ್ತಗಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಎರಡು ಕಡೆಯ ಕಾರ್ಬನ್ ಪದರಕ್ಕೆ ಹೈ ವೋಲ್ಟೇಜ್ ಕೊಟ್ಟಾಗ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಚಾರ್ಜ್ ತುಂಬುತ್ತದೆ. ಅವು ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕಿದ ಹಾಳೆ ಒತ್ತಿಹೋಗುತ್ತದೆ. ಹಾಳೆಯ ಒಟ್ಟು ಗಾತ್ರ, ಅಂದರೆ ವಾಲ್ಯೂಮ್, ಬದಲಾಗುವುದಿಲ್ಲ, ಹಾಗಾಗಿ ದಪ್ಪ ಕಡಿಮೆಯಾದಷ್ಟೂ ಅದು ಪಕ್ಕಕ್ಕೆ ಹರಡಲೇಬೇಕು. ಬಾಳೆಲೆ ಮೇಲೆ ಒಬ್ಬಟ್ಟು ತಟ್ಟುವುದನ್ನು ನೆನೆಸಿಕೊಳ್ಳಿ, ಇಲ್ಲಿ ತಟ್ಟುವ ಕೈ ವಿದ್ಯುತ್ತಿನದು. ಕಾರ್ಬನ್ ಗ್ರೀಸೇ ಯಾಕೆ ಅಂದರೆ, ಹಾಳೆಯ ಜೊತೆ ಅದೂ ಹಿಗ್ಗಬೇಕು. ಲೋಹದ ಫಾಯಿಲ್ ಅಂಟಿಸಿದರೆ ಹಾಳೆಯನ್ನು ಹಿಗ್ಗಲು ಬಿಡುವುದಿಲ್ಲ.

ವಿಷಯ ಹೊಸದೂ ಅಲ್ಲ. ಎಕ್ಸ್-ರೇ ಕಂಡುಹಿಡಿದ ರಾಂಟ್‌ಜೆನ್ ಅದಕ್ಕೂ ಮೊದಲೇ, 1880ರಲ್ಲಿ, ರಬ್ಬರ್ ಪಟ್ಟಿಗೆ ಚಾರ್ಜ್ ಕೊಟ್ಟರೆ ಅದು ಉದ್ದವಾಗುವುದನ್ನು ನೋಡಿದ್ದರು. ಜಗತ್ತು ಇತ್ತ ನಿಜವಾಗಿ ತಿರುಗಿದ್ದು 2000ದಲ್ಲಿ. ಅಮೆರಿಕದ ಸಂಶೋಧನಾ ಸಂಸ್ಥೆ ಎಸ್ಆರ್‌ಐ ಇಂಟರ್‌ನ್ಯಾಷನಲ್‌ನ ಪೆಲ್ರಿನ್ ಮತ್ತು ಸಂಗಡಿಗರು ಶೇಕಡಾ ನೂರಕ್ಕೂ ಜಾಸ್ತಿ ಹಿಗ್ಗುವ ಹಾಳೆ ಮಾಡಿ ತೋರಿಸಿದರು. ಅವರು ಬಳಸಿದ್ದರಲ್ಲಿ ಒಂದು, ಅಂಗಡಿಯಲ್ಲಿ ಸಿಗುವ ವಿಎಚ್‌ಬಿ ಎಂಬ ಅಕ್ರಿಲಿಕ್ ಟೇಪು. ನನ್ನ ಟೇಬಲ್ ಮೇಲಿರುವುದೂ ಅದೇ.

ಆ ಟೇಪು ಒಂದು ಮಿಲಿಮೀಟರ್ ದಪ್ಪ. ಉದ್ದಕ್ಕೂ ಅಡ್ಡಕ್ಕೂ ನಾಲ್ಕು ಪಟ್ಟು ಎಳೆದು ಫ್ರೇಮಿಗೆ ಅಂಟಿಸಿದರೆ ಸುಮಾರು 60 ಮೈಕ್ರಾನ್ ಉಳಿಯುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಇದಕ್ಕೆ 5000 ವೋಲ್ಟ್ ಕೊಟ್ಟರೆ ಹುಟ್ಟುವ ಒತ್ತಡ, ಲೆಕ್ಕ ಹಾಕಿದರೆ, ವಾತಾವರಣದ ಒತ್ತಡದ ಎರಡೂವರೆ ಪಟ್ಟಿನಷ್ಟು. ವೋಲ್ಟೇಜ್ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಆದರೆ ಮಿತಿ ಮೀರಿದರೆ ಟಪ್ ಅಂತ ಕಿಡಿ ಹಾರಿ ಹಾಳೆ ತೂತಾಗುತ್ತದೆ. ಅಲ್ಲಿಗೆ ಆ ಸ್ನಾಯುವಿನ ಕಥೆ ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲಿ. 5000 ವೋಲ್ಟ್ ಆಟದ ವಸ್ತು ಅಲ್ಲ. ನಾನು ಬಳಸುವ ಸಪ್ಲೈ ಕರೆಂಟನ್ನು ತೀರಾ ಕಡಿಮೆ ಮಟ್ಟಕ್ಕೆ ತಡೆದು ನಿಲ್ಲಿಸುತ್ತದೆ. ಆದರೂ ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸದೆ ನಾನು ಮುಟ್ಟುವುದಿಲ್ಲ. ಹಳೆ ಮೈಕ್ರೋವೇವ್ ಬಿಚ್ಚಿ ಅದರ ಟ್ರಾನ್ಸ್‌ಫಾರ್ಮರ್ ಬಳಸುವುದು ಬೇಡವೇ ಬೇಡ. ಅದು ಪ್ರಾಣ ತೆಗೆಯುತ್ತದೆ. ಕಾಲೇಜು ಮಕ್ಕಳು ಲ್ಯಾಬಿನಲ್ಲಿ, ಮೇಷ್ಟ್ರು ಜೊತೆಗಿದ್ದಾಗ ಮಾತ್ರ ಮಾಡಿ.

ಅಂದಹಾಗೆ, ಹೈ ವೋಲ್ಟೇಜ್ ನಮ್ಮ ಜಿಲ್ಲೆಗೆ ಹಳೆಯ ನೆಂಟ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ವಿದ್ಯುತ್ ಬಂದಿತ್ತು, ಸುಮಾರು 147 ಕಿಲೋಮೀಟರ್ ತಂತಿ ಹಾದು. ಈ ಜಾಗದಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಷ್ಟು ತೂಕ ಎತ್ತುತ್ತದೆ? ನನ್ನ ಪ್ರಕಾರ ಅಲ್ಲಿಂದ ಶುರು ಮಾಡಬಾರದು. ನಾಸಾದ ಪ್ರಯೋಗಾಲಯ ಜೆಪಿಎಲ್‌ನಲ್ಲಿದ್ದ ಯೋಸೆಫ್ ಬಾರ್-ಕೋಹೆನ್ 1999ರಲ್ಲಿ ಒಂದು ಸವಾಲು ಹಾಕಿದ್ದರು: ಪಾಲಿಮರ್ ಸ್ನಾಯುವಿನ ಕೈ ಮನುಷ್ಯನನ್ನು ಪಂಜ ಕುಸ್ತಿಯಲ್ಲಿ ಸೋಲಿಸಬೇಕು. 2005ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಪಂದ್ಯ ನಡೆಯಿತು. 17 ವರ್ಷದ ಹುಡುಗಿಯೊಬ್ಬಳು ಮೂರೂ ಕೈಗಳನ್ನು ಮಣಿಸಿದಳು. ಅತಿ ಹೆಚ್ಚು ಹೊತ್ತು ತಡೆದ ಕೈಯೂ ನಿಂತದ್ದು 26 ಸೆಕೆಂಡು.

ಆದರೆ ಪಾಲಿಮರ್ ಸ್ನಾಯು ನಾಜೂಕು ಕೆಲಸದಲ್ಲಿ ಗೆದ್ದಿದೆ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್‌ನವರ ಗ್ರಿಪ್ಪರ್ ಹಸಿ ಮೊಟ್ಟೆ, ನೀರು ತುಂಬಿದ ಬಲೂನು, ಬರೀ ಒಂದು ಕಾಗದ, ಎಲ್ಲವನ್ನೂ ಎತ್ತಿತು. ಅದಕ್ಕೆ ಸ್ಥಿರ ವಿದ್ಯುತ್ತಿನ ಅಂಟೂ ನೆರವಾಗಿತ್ತು. 2021ರಲ್ಲಿ ಚೀನಾದವರು ಪ್ರಕಟಿಸಿದ ಮೆತ್ತನೆಯ ಮೀನು ರೋಬೋಟ್ ಮರಿಯಾನಾ ಕಂದಕದಲ್ಲಿ, 10,900 ಮೀಟರ್ ಆಳದಲ್ಲಿ ರೆಕ್ಕೆ ಬಡಿದಿತ್ತು. ಅಷ್ಟು ಒತ್ತಡವನ್ನು ಗಟ್ಟಿ ಕವಚವಿಲ್ಲದೆ ತಡೆಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಗುಣ. ಈ ಸ್ನಾಯು ಒಂದು ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಡುವ ಸಾಧನ, ತಾನೇ? ಹಿಗ್ಗಿದಾಗ ಅದರ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಬದಲಾಗುತ್ತದೆ. ಅಂದರೆ ಹಿಡಿಯುವ ಬೆರಳೇ, ತಾನು ಎಷ್ಟು ಬಾಗಿದೆ ಅಂತ ಹೇಳಬಲ್ಲದು. ಒತ್ತಿದಾಗ ಟೊಮೆಟೊ ಎಷ್ಟು ಬಿಗಿಯಿದೆ ಅನ್ನುವುದನ್ನು ಅದರಿಂದಲೇ ಅಂದಾಜು ಮಾಡಬಹುದು.

ಉಳಿದಿರುವ ದೊಡ್ಡ ತೊಡಕು ವೋಲ್ಟೇಜ್. ಹಾಳೆ ತೆಳುವಾದರೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ, ಆದರೆ ಒಂದೇ ತೆಳು ಹಾಳೆಗೆ ಬಲ ಸಾಲದು. ಆದ್ದರಿಂದ ಪದರದ ಮೇಲೆ ಪದರ ಜೋಡಿಸುತ್ತಾರೆ. 2019ರಲ್ಲಿ ಇಪಿಎಫ್ಎಲ್‌ನ ಒಂದು ಪುಟ್ಟ ಕೀಟ ರೋಬೋಟ್ 450 ವೋಲ್ಟಿನಲ್ಲೇ ಓಡಿತು. ಬ್ಯಾಟರಿ ಹೊತ್ತ ಮಾದರಿಯ ತೂಕ ಒಂದು ಗ್ರಾಂಗಿಂತ ಕಡಿಮೆ.

ನನ್ನ ಅಕ್ರಿಲಿಕ್ ಹಾಳೆ ನಿಧಾನ. ಅಂಟಂಟು ಗುಣ ಇರುವುದರಿಂದ ಹಿಂದಕ್ಕೆ ಬರಲು ತಡ ಮಾಡುತ್ತದೆ. ಸಿಲಿಕೋನ್ ಚುರುಕು, ಹಿಗ್ಗುವುದು ಸ್ವಲ್ಪ ಕಡಿಮೆ. ಮುಂದಿನ ವಿಡಿಯೊದಲ್ಲಿ ಸಿಲಿಕೋನ್ ಪದರ ಎರೆದು, ಮೂರು ಬೆರಳಿನ ಹಿಡಿತ ಮಾಡುತ್ತೇನೆ. ತೆಳು ಸಿಲಿಕೋನ್ ಹಾಳೆಯನ್ನು ಗುಳ್ಳೆ ಬರದಂತೆ ಎರೆಯಲು ಬಲ್ಲವರು ಕೋಲಾರದ ಸುತ್ತಮುತ್ತ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ, ನಾನೇ ಅಲ್ಲಿಗೆ ಬರುತ್ತೇನೆ.