ಫೆರೆಟ್ ಉಗುರು ತೆಗಿಯೋಕೆ ಕುಸ್ತಿ ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಅಮೆರಿಕದಲ್ಲಿರೋ ನಮ್ಮ ಕನ್ನಡದವ್ರ ಮನೆಗಳಿಗೆ, ಅದ್ರಲ್ಲೂ ಮಕ್ಳು ಹಠ ಹಿಡಿದು ಫೆರೆಟ್ ತರ್ಸ್ಕೊಂಡು ಆಮೇಲೆ ಅದ್ರ ಉಗುರು ತೆಗಿಯೋ ಕೆಲ್ಸನ ಅಪ್ಪ ಅಮ್ಮನ ತಲೆಗೆ ಕಟ್ಟಿರ್ತಾರಲ್ಲ, ಅಂಥವ್ರಿಗೆ. ಕ್ಯಾಲಿಫೋರ್ನಿಯಾ, ಹವಾಯಿಲಿ ಇರೋರು ಸುಮ್ನೆ ಕೇಳ್ಕೊಳ್ಳಿ, ನಿಮ್ಮಲ್ಲಿ ಫೆರೆಟ್ ಸಾಕೋದೇ ಬ್ಯಾನು.

ನೋಡೋಕೆ ಮುಂಗುಸಿ ಥರ ಕಂಡ್ರೂ ಇದು ನಮ್ಮ ತುಂಗಭದ್ರೆಯ ನೀರುನಾಯಿ ಕುಟುಂಬಕ್ಕೆ ಸೇರಿದ್ದು. ಯುರೋಪಲ್ಲಿ ಬಿಲದೊಳಗಿಂದ ಮೊಲ ಓಡಿಸೋಕೆ ಸಾಕ್ತಿದ್ರು. ಇದಕ್ಕೆ ಅಗೆಯೋಕೆ ಅಂತ ಗಟ್ಟಿ ಉಗುರು, ಬೆಕ್ಕಿನ ಥರ ಒಳಗೆ ಎಳ್ಕೊಳ್ಳಲ್ಲ, ಯಾವಾಗ್ಲೂ ಹೊರಗೇ ಇರುತ್ತೆ. ಈಗ ಫ್ಲಾಟಲ್ಲಿ ಅಗೆಯೋದು ಏನಿದೆ ಹೇಳಿ, ಸವೆಯಲ್ಲ, ಬೆಳೆದು ಕೊಕ್ಕೆ ಥರ ಬಾಗಿ ಕಾರ್ಪೆಟ್ಟಿಗೋ ಮಲಗೋ ಬಟ್ಟೆಗೋ ಸಿಕ್ಕಾಕ್ಕೊಳ್ಳುತ್ತೆ, ಅದು ಗಾಬರಿಯಾಗಿ ಎಳೆದ್ರೆ ಉಗುರೇ ಕಿತ್ತು ಬರಬಹುದು. ಹಾಗಾಗಿ ಎರಡು ವಾರಕ್ಕೊಮ್ಮೆ ಕಾಲು ನೋಡಿ.

ಹಿಡ್ಕೊಂಡು ಒತ್ತಿ ಕತ್ತರಿಸೋಕೆ ಹೋದ್ರೆ ಅದು ಹಾವಿನ ಥರ ಜಾರುತ್ತೆ, ಕಚ್ಚಿದ್ರೂ ಕಚ್ಚೀತು. ಸುಲಭದ ದಾರಿ ಅಂದ್ರೆ ಅದ್ರ ಬಾಯಿಚಪಲ. ನಿದ್ದೆಯಿಂದ ಆಗಷ್ಟೇ ಎದ್ದು ಮಂಪರಲ್ಲಿರೋವಾಗ ತೊಡೆ ಮೇಲೆ ಅಂಗಾತ ಮಲಗ್ಸಿ, ಹೊಟ್ಟೆ ಮೇಲೆ ಸಾಲ್ಮನ್ ಆಯಿಲ್, ಅಂದ್ರೆ ಮೀನಿನೆಣ್ಣೆ, ಒಂದೆರಡು ತೊಟ್ಟು ಬಿಡಿ, ಅದು ಬಗ್ಗಿ ನೆಕ್ಕೋದ್ರಲ್ಲಿ ಮುಳುಗಿಹೋಗುತ್ತೆ, ಕಾಲು ನಿಮ್ಮ ಕೈಲಿರೋದು ಅದಕ್ಕೆ ಗೊತ್ತೇ ಆಗಲ್ಲ ಅನ್ನಬಹುದು. ಜಾಸ್ತಿ ಸುರೀಬೇಡಿ, ಭೇದಿ ಆಗುತ್ತೆ. ಒಣದ್ರಾಕ್ಷಿ, ಜೇನುತುಪ್ಪ ಅಂತೆಲ್ಲ ಆಸೆ ತೋರಿಸೋದಂತೂ ಬೇಡವೇ ಬೇಡ, ಇದು ಮಾಂಸ ತಿನ್ನೋ ಪ್ರಾಣಿ, ಸಿಹಿ ಇದಕ್ಕೆ ಆಗಿಬರಲ್ಲ. ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿದೆತ್ತಿದ್ರೆ ಆಕಳಿಸ್ತಾ ಮೈ ಬಿಡುತ್ತೆ, ನಿಜ, ಆದ್ರೆ ಅದಕ್ಕೆ ಇಬ್ರು ಬೇಕು, ಹಿಂಭಾಗಕ್ಕೆ ಕೈ ಆಸರೆನೂ ಕೊಡ್ಬೇಕು. ನನ್ನ ಕೇಳಿದ್ರೆ ಮನೇಲಿ ಎಣ್ಣೆನೇ ವಾಸಿ.

ಕತ್ತಲಾದ್ಮೇಲೆ ಉಗುರು ತೆಗೀಬೇಡ ಅಂತ ಅಜ್ಜಿ ಬೈತಿದ್ರಲ್ಲ, ಇಲ್ಲಿ ಆ ಮಾತು ಕೇಳಿ. ಕಿಟಕಿ ಬೆಳಕಲ್ಲಿ ನೋಡಿದ್ರೆ ಉಗುರಿನೊಳಗೆ ಗುಲಾಬಿ ಗೆರೆ ಕಾಣುತ್ತೆ, ಅದು ರಕ್ತನಾಳ, ನರನೂ ಅಲ್ಲೇ. ಅದನ್ನ ಮುಟ್ಟದೆ ಒಂದೆರಡು ಮಿಲಿಮೀಟರ್ ಬಿಟ್ಟು ಬಿಳಿ ತುದಿ ಅಷ್ಟೇ ತೆಗೀರಿ. ಬೆಕ್ಕಿನ ಉಗುರಿಗೆ ಸಿಗೋ ಚಿಕ್ಕ ಕಟರ್ ಆಗುತ್ತೆ, ನಾವು ಬಳಸೋ ನೇಲ್ ಕಟರೂ ನಡೆಯುತ್ತೆ, ಹರಿತ ಇರಲಿ, ಮೊಂಡಾಗಿದ್ರೆ ಉಗುರು ಸೀಳುತ್ತೆ. ಗೆರೆ ಎಲ್ಲಿ ಮುಗಿಯುತ್ತೆ ಅನ್ನೋದು ಅನುಮಾನ ಆಯ್ತಾ, ಕಮ್ಮಿ ತೆಗೀರಿ.

ರಕ್ತ ನಿಲ್ಲಿಸೋ ಸ್ಟಿಪ್ಟಿಕ್ ಪೌಡರ್ ಮೊದ್ಲೇ ಪಕ್ಕಕ್ಕಿಟ್ಕೊಳ್ಳಿ, ಇಲ್ಲಾಂದ್ರೆ ಅಡುಗೆಮನೆ ಕಾರ್ನ್‌ಫ್ಲೋರ್, ಅಮೆರಿಕದಲ್ಲಿ ಕಾರ್ನ್‌ಸ್ಟಾರ್ಚ್ ಅಂತಾರಲ್ಲ, ಅದು. ರಕ್ತ ಬಂದ್ರೆ ತುದಿಗೆ ಅದನ್ನ ಒತ್ತಿ ಹಿಡ್ಕೊಂಡು ಕೂತ್ಕೊಳ್ಳಿ, ಪದೇ ಪದೇ ಎತ್ತಿ ನೋಡ್ಬೇಡಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ನಿಲ್ಲುತ್ತೆ. ನಿಲ್ಲದಿದ್ರೆ, ಅಥವಾ ಬೆರಳು ಊದಿ ಕುಂಟ್ತಾ ಇದ್ರೆ ವೆಟ್ ಹತ್ರ ಹೋಗಿ.

ಒಂದು ಕಾಲಿಗೆ ಐದರ ಲೆಕ್ಕದಲ್ಲಿ ಒಟ್ಟು ಇಪ್ಪತ್ತು ಉಗುರು, ಎಲ್ಲಾ ಇವತ್ತೇ ಮುಗಿಸ್ಬೇಕು ಅಂತ ಯಾರೂ ಹೇಳಿಲ್ಲ. ಮುಂದಿನ ಕಾಲಿನವು ಉದ್ದ, ಅವನ್ನ ಮೊದ್ಲು ಮಾಡಿ, ಎಣ್ಣೆ ನೆಕ್ಕಿ ಖಾಲಿಯಾಗಿ ಅದು ಒದ್ದಾಡೋಕೆ ಶುರು ಮಾಡ್ತಿದ್ದಂಗೆ ಬಿಟ್ಬಿಡಿ, ಹಿಂದಿನವು ನಾಳೆಗಿರಲಿ. ನಮಸ್ಕಾರ.