ಎಡದಿಂದ ಬಲಕ್ಕೆ

ಕೇಳುಗರಿಗೆ ನಮಸ್ಕಾರ.

ನಿಯತಕಾಲಿಕೆಯ ಪುಟಗಳನ್ನು ತಿರುವುವಾಗ, ಎದುರುಬದುರಿನ ಎರಡೂ ಪುಟಗಳನ್ನು ಆವರಿಸಿಕೊಂಡ ಗುಂಪು ಛಾಯಾಚಿತ್ರವೊಂದನ್ನು ನೀವು ಕಂಡಿರುತ್ತೀರಿ. ಯಾವುದೋ ದೊಡ್ಡ ಕಂಪನಿಯ ಒಂಬತ್ತು ಹತ್ತು ಮಂದಿ ಉನ್ನತಾಧಿಕಾರಿಗಳು, ಕೆಲವರು ಕುಳಿತು, ಕೆಲವರು ನಿಂತು, ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ. ನೀವು ಅರೆಗಳಿಗೆ ನೋಡಿ ಮುಂದಿನ ಪುಟಕ್ಕೆ ಹೋಗುತ್ತೀರಿ. ಆದರೆ ಅಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರ ಭುಜ ಯಾರ ಭುಜದ ಹಿಂದೆ ಮರೆಯಾಗಿದೆ, ಯಾರ ಮುಖಕ್ಕೆ ಬೆಳಕು ಹೆಚ್ಚು ಬಿದ್ದಿದೆ ಎಂಬುದೊಂದೂ ತಾನಾಗಿ ಒದಗಿ ಬಂದದ್ದಲ್ಲ. ಇಂಥ ಚಿತ್ರಗಳನ್ನು ತೆಗೆಯುವ ಕೆಲಸವನ್ನು ಹಲವು ವರ್ಷ ಮಾಡಿದವನಾಗಿ ನಾನು ಕಂಡುಕೊಂಡದ್ದು ಇಷ್ಟು: ಕ್ಯಾಮೆರಾದ ತಾಂತ್ರಿಕ ನಿರ್ಧಾರಗಳೆಂದು ನಾವು ತಿಳಿದಿರುವ ಮಸೂರ, ಬೆಳಕು, ದೂರ, ಕೋನ, ಇವೆಲ್ಲವೂ ಈ ಕೆಲಸದಲ್ಲಿ ಅಂತಸ್ತಿನ ನಿರ್ಧಾರಗಳೂ ಆಗಿಬಿಡುತ್ತವೆ.

ಇದು ಛಾಯಾಗ್ರಹಣಕ್ಕಿಂತ ಹಳೆಯ ಕಥೆ. 1642ರಲ್ಲಿ ರೆಂಬ್ರಾಂಟ್ ಆಮ್‌ಸ್ಟರ್‌ಡ್ಯಾಮ್ ನಗರದ ಕಾವಲು ಪಡೆಯೊಂದರ ಗುಂಪು ಚಿತ್ರವನ್ನು ಬರೆದು ಮುಗಿಸಿದ. ಇಂದು ಜಗತ್ತು ಅದನ್ನು ‘ನೈಟ್ ವಾಚ್’ ಎಂಬ ಹೆಸರಿನಿಂದ ಬಲ್ಲದು. ಅದರಲ್ಲಿ ತಮ್ಮ ರೂಪ ಬರೆಸಿಕೊಂಡವರು ತಲಾ ಸುಮಾರು 100 ಗಿಲ್ಡರ್ ಕೊಟ್ಟಿದ್ದರು, ಚಿತ್ರದಲ್ಲಿ ದೊರೆತ ಸ್ಥಾನಕ್ಕೆ ತಕ್ಕಂತೆ ಕೆಲವರು ಹೆಚ್ಚು, ಕೆಲವರು ಕಡಿಮೆ ಕೊಟ್ಟಿದ್ದರು ಎಂದು ಅವರಲ್ಲೇ ಒಬ್ಬ ಮುಂದೆ ಸಾಕ್ಷ್ಯ ನುಡಿದ ದಾಖಲೆಯಿದೆ. ಜಾಗಕ್ಕೆ ಬೆಲೆ ಕಟ್ಟುವ ಆ ಪದ್ಧತಿ ಈಗ ಇಲ್ಲ. ಜಾಗದ ಮೇಲಿನ ಆಸೆ ಮಾತ್ರ ಹಾಗೆಯೇ ಉಳಿದಿದೆ.

ಮಹತ್ವಾಕಾಂಕ್ಷೆಯ ವಿಶೇಷ ಸಂಚಿಕೆಯೊಂದನ್ನು ಯೋಜಿಸುವ ಸಂಪಾದಕರು ಸಾಮಾನ್ಯವಾಗಿ ಹೇಳುವುದು ಹೀಗೆ: ಹನ್ನೆರಡು ಕಂಪನಿಗಳು, ಹನ್ನೆರಡು ಆಡಳಿತ ತಂಡಗಳು, ಎಲ್ಲವೂ ನೋಡಲು ಒಂದೇ ಮಾಲಿಕೆಯಂತಿರಬೇಕು, ಆದರೆ ಒಂದು ಇನ್ನೊಂದರಂತೆ ಇರಬಾರದು. ಕೇಳಲು ಸೊಗಸಾಗಿರುವ ಈ ಮಾತಿನ ಹಿಂದಿರುವ ಕಷ್ಟವೆಂದರೆ ವೇಳೆ. ಹತ್ತು ಮಂದಿ ಉನ್ನತಾಧಿಕಾರಿಗಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಸಿಗುವುದು ಬಹುತೇಕ ಆಡಳಿತ ಮಂಡಳಿಯ ಸಭೆಯ ದಿನದಂದು ಮಾತ್ರ, ಅದೂ ಸಭೆ ಮುಗಿದು ಊಟಕ್ಕೆ ಏಳುವ ನಡುವಿನ ಹತ್ತು ಹದಿನೈದು ನಿಮಿಷ. ಆ ಹತ್ತು ನಿಮಿಷಗಳಲ್ಲಿ ಛಾಯಾಗ್ರಾಹಕ ಯೋಚಿಸುತ್ತ ನಿಂತರೆ ಕೆಲಸ ಕೆಟ್ಟಿತೆಂದೇ ಅರ್ಥ. ಯೋಚನೆಯೆಲ್ಲ ಹಿಂದಿನ ದಿನವೇ ಮುಗಿದಿರಬೇಕು.

ಆದ್ದರಿಂದ ನಾವು ಮೊದಲು ಹೋಗಿ ಜಾಗವನ್ನು ನೋಡಿ ಬರುತ್ತೇವೆ. ಕೋಣೆಯ ಉದ್ದಗಲ ಎಷ್ಟು, ಚಾವಣಿ ಎಷ್ಟು ಎತ್ತರ, ಕಿಟಕಿ ಯಾವ ದಿಕ್ಕಿಗಿದೆ, ಚಿತ್ರ ತೆಗೆಯುವ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆ, ಸಭಾಂಗಣದ ಆ ಭಾರೀ ಮೇಜನ್ನು ಸರಿಸಲು ಬರುತ್ತದೆಯೋ ನೆಲಕ್ಕೇ ಜಡಿದಿದ್ದಾರೋ, ಇವೆಲ್ಲವನ್ನೂ ಬರೆದುಕೊಳ್ಳುತ್ತೇವೆ. ಕಿಟಕಿಯ ಹಗಲು ಬೆಳಕು ನೀಲಿಯ ಕಡೆಗಿರುತ್ತದೆ. ಚಾವಣಿಯ ಕೊಳವೆ ದೀಪಗಳಿಂದ ಹಸಿರು ಛಾಯೆ ಬರುವುದುಂಟು. ಎರಡೂ ಸೇರಿದರೆ ಒಬ್ಬರ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಇನ್ನೊಂದು ಬಣ್ಣವಾಗುತ್ತದೆ. ಹಾಗಾಗಿ ಯಾವ ದೀಪ ಆರಿಸಬೇಕು, ಅದರ ಸ್ವಿಚ್ ಎಲ್ಲಿದೆ ಎಂಬುದನ್ನು ಕಟ್ಟಡ ನೋಡಿಕೊಳ್ಳುವ ನೌಕರರಿಂದ ತಿಳಿದುಕೊಳ್ಳಬೇಕು. ಒಮ್ಮೆ ನನಗೆ ಈ ಬುದ್ಧಿ ಇರಲಿಲ್ಲ. ಹತ್ತು ಮಂದಿ ಸಾಲಾಗಿ ನಿಂತ ಮೇಲೆ ನಾನು ಸ್ವಿಚ್ ಹುಡುಕುತ್ತ ಗೋಡೆಯಿಂದ ಗೋಡೆಗೆ ನಡೆದಾಡಿದೆ. ಹಣಕಾಸಿನ ಮುಖ್ಯಸ್ಥರು ಕೈಗಡಿಯಾರ ನೋಡಿಕೊಂಡರು. ಅಲ್ಲಿಂದ ಮುಂದೆ ತೆಗೆದ ಒಂದು ಚಿತ್ರದಲ್ಲೂ ಅವರ ಮುಖದ ಗಂಟು ಬಿಡಲಿಲ್ಲ.

ಜಾಗ ನೋಡಿದ ಮೇಲೆ, ಚಿತ್ರ ತೆಗೆಯುವ ದಿನ ಬೆಳಿಗ್ಗೆ, ಅಧಿಕಾರಿಗಳು ಬರುವ ಮೊದಲು, ಕಚೇರಿಯ ಇತರ ಸಿಬ್ಬಂದಿಯನ್ನು ಕೇಳಿಕೊಂಡು ಅದೇ ಜಾಗಗಳಲ್ಲಿ ನಿಲ್ಲಿಸಿ ಬೆಳಕನ್ನು ಸರಿಪಡಿಸುತ್ತೇವೆ. ಯಾರ ಎತ್ತರ ಎಷ್ಟು, ಯಾರು ಕನ್ನಡಕ ಹಾಕುತ್ತಾರೆ ಎಂಬ ವಿವರವನ್ನು ಮೊದಲೇ ತರಿಸಿಕೊಂಡು, ಹೆಚ್ಚು ಕಡಿಮೆ ಅದೇ ಎತ್ತರದವರನ್ನು ಅಲ್ಲಲ್ಲಿ ನಿಲ್ಲಿಸಿ, ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತು ಹಾಕುತ್ತೇವೆ. ಒಂದು ಗಂಟೆಯ ಮಟ್ಟಿಗೆ ವ್ಯವಸ್ಥಾಪಕ ನಿರ್ದೇಶಕರ ಜಾಗದಲ್ಲಿ ಸ್ವಾಗತಕಾರಿಣಿಯೋ ವಾಹನ ಚಾಲಕರೋ ನಿಂತಿರುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಬಳಿಯಿರುವ ಅತ್ಯುತ್ತಮ ಗುಂಪು ಚಿತ್ರಗಳಲ್ಲಿ ಕೆಲವು ಈ ಪರೀಕ್ಷಾರ್ಥ ಚಿತ್ರಗಳೇ. ಅವನ್ನು ಅಚ್ಚು ಹಾಕುವ ಪತ್ರಿಕೆ ಇನ್ನೂ ಸಿಕ್ಕಿಲ್ಲ.

ಇನ್ನು ಮಧ್ಯದ ಜಾಗದ ಮಾತು. ಕಂಪನಿಯ ಮುಖ್ಯಸ್ಥರು ನಡುವೆ ಇರಬೇಕೆಂದು ಎಲ್ಲರೂ ಎಣಿಸುತ್ತಾರೆ. ಹೇಳುವವರು ಅವರಲ್ಲ, ಸಾರ್ವಜನಿಕ ಸಂಪರ್ಕಾಧಿಕಾರಿ; ಮುಖ್ಯಸ್ಥರಾದರೋ ಯಾರೂ ಹೇಳದಿದ್ದರೂ ನೇರವಾಗಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಆದರೆ ಎರಡು ಪುಟಗಳಿಗೆ ಹರಡುವ ಚಿತ್ರದಲ್ಲಿ ನಟ್ಟನಡುವಿನ ಜಾಗವೇ ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ಪತ್ರಿಕೆಯ ಮಡಿಕೆ ಬರುವುದು ಅಲ್ಲಿಯೇ. ಹೊಲಿಗೆಯ ಬದಲು ಬೆನ್ನಿಗೆ ಅಂಟು ಹಚ್ಚಿ ಕಟ್ಟಿದ ದಪ್ಪ ಸಂಚಿಕೆಯಾದರೆ ಪುಟಗಳು ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ನಡುವಿನ ಮುಖದ ಮೂಗು ಆ ಕಂದಕದೊಳಗೆ ಇಳಿದುಹೋಗಿ, ಎರಡು ಕಿವಿಗಳು ಎರಡು ಪುಟಗಳಲ್ಲಿ ಉಳಿಯುತ್ತವೆ. ಆದ್ದರಿಂದ ಪತ್ರಿಕೆಯ ಕಲಾನಿರ್ದೇಶಕರು ಮೊದಲೇ ಒಂದು ನಕ್ಷೆ ಕೊಡುತ್ತಾರೆ: ಮಡಿಕೆಯ ಎರಡೂ ಬದಿಗೆ ಇಷ್ಟು ಜಾಗ ಖಾಲಿ ಬಿಡಬೇಕು, ಶೀರ್ಷಿಕೆಗೆ ಮೇಲೆ ಇಷ್ಟು ಬಿಡಬೇಕು, ಅಂಚು ಕತ್ತರಿಸುವಾಗ ಹೋಗುವುದು ಇಷ್ಟು. ಆ ನಕ್ಷೆಯ ಪ್ರಕಾರ ಮುಖ್ಯಸ್ಥರನ್ನು ನಡುವಿನಿಂದ ಒಂದು ಹೆಜ್ಜೆ ಸರಿಸಬೇಕಾಗುತ್ತದೆ. ಒಂದು ಹೆಜ್ಜೆ ಅಷ್ಟೇ. ಇಡೀ ದಿನದಲ್ಲಿ ಅತ್ಯಂತ ನಾಜೂಕಿನ ಮಾತುಕತೆ ನಡೆಯುವುದು ಆ ಒಂದು ಹೆಜ್ಜೆಗಾಗಿ. ನಾನಂತೂ ಹಳೆಯ ಸಂಚಿಕೆಯೊಂದನ್ನು ಜೊತೆಗೇ ಒಯ್ದು, ಮಡಿಕೆಯಲ್ಲಿ ಸಿಕ್ಕಿಕೊಂಡ ಮುಖವೊಂದನ್ನು ತೆರೆದು ತೋರಿಸುತ್ತೇನೆ. ಆಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಅಂಚಿನಲ್ಲಿ ನಿಂತವರ ಕಷ್ಟ ಬೇರೆ ತೆರನದು. ಕೋಣೆ ಚಿಕ್ಕದೆಂದು 24 ಮಿಲಿಮೀಟರಿನ ಅಗಲನೋಟದ ಮಸೂರವನ್ನು ಹಾಕಿದರೆ ಎಲ್ಲರೂ ಚೌಕಟ್ಟಿನೊಳಗೆ ಬರುತ್ತಾರೆ, ಆದರೆ ಅಂಚಿನ ಮುಖಗಳು ಪಕ್ಕಕ್ಕೆ ಎಳೆದಂತೆ ಅಗಲವಾಗುತ್ತವೆ. ಮೊದಲೇ ಸ್ಥೂಲವಾದವರು ಮತ್ತಷ್ಟು ಸ್ಥೂಲವಾಗಿ ಕಾಣುತ್ತಾರೆ. ಅಂಚಿಗೆ ಬರುವವರು ಸಾಮಾನ್ಯವಾಗಿ ತಂಡದಲ್ಲಿ ಕಿರಿಯರೇ ಆದ್ದರಿಂದ, ಮಸೂರದ ಈ ದೋಷದ ಹೊರೆಯೂ ಕಿರಿಯರ ತಲೆಗೇ ಬೀಳುತ್ತದೆ. ಸಾಧ್ಯವಾದಷ್ಟು ಹಿಂದೆ ಸರಿದು 50 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ ಮಸೂರ ಬಳಸುವುದೊಂದೇ ಇದಕ್ಕೆ ನ್ಯಾಯವಾದ ಪರಿಹಾರ. ಅದಕ್ಕಾಗಿ ಬಾಗಿಲು ತೆಗೆದು ಹೊರಗಿನ ಓಣಿಯಲ್ಲಿ ಟ್ರೈಪಾಡ್ ಊರಿದ್ದೂ ಉಂಟು.

ಬೆಳಕಿನದೂ ಇಂಥದ್ದೇ ಪಕ್ಷಪಾತ. ದೂರ ಎರಡು ಪಟ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೀಪವನ್ನು ಮುಂದಿನ ಸಾಲಿನಿಂದ ಒಂದು ಮೀಟರ್ ದೂರದಲ್ಲಿಟ್ಟರೆ, ಅದಕ್ಕಿಂತ ಒಂದು ಮೀಟರ್ ಹಿಂದೆ ನಿಂತ ಸಾಲಿಗೆ ತಲುಪುವುದು ಕಾಲು ಭಾಗ ಮಾತ್ರ. ಅದೇ ದೀಪವನ್ನು ಮುಂದಿನ ಸಾಲಿನಿಂದ ನಾಲ್ಕು ಮೀಟರ್ ದೂರಕ್ಕೆ ಒಯ್ದರೆ ಹಿಂದಿನ ಸಾಲಿಗೂ ಮುಂದಿನವರ ಮೂರನೇ ಎರಡು ಭಾಗದ ಹತ್ತಿರ ಹತ್ತಿರ, ಲೆಕ್ಕ ಹಾಕಿದರೆ ನೂರಕ್ಕೆ ಅರುವತ್ತನಾಲ್ಕರಷ್ಟು ಸಿಗುತ್ತದೆ. ದೀಪಗಳನ್ನು ಎತ್ತರಕ್ಕೆ ಏರಿಸಿದರೆ ಮುಂದಿನವರ ತಲೆಯ ನೆರಳು ಹಿಂದಿನವರ ಮುಖದ ಮೇಲೆ ಬೀಳುವುದೂ ತಪ್ಪುತ್ತದೆ, ಕನ್ನಡಕದ ಗಾಜಿನಲ್ಲಿ ದೀಪದ ಪ್ರತಿಬಿಂಬ ಹೊಳೆಯುವುದೂ ತಪ್ಪುತ್ತದೆ. ಮಸೂರದೊಳಗೆ ಬೆಳಕು ಬಿಡುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, f/8 ಅಥವಾ f/11ಕ್ಕೆ ಕಿರಿದಾಗಿಸಿಕೊಂಡರೆ ಎರಡೂ ಸಾಲುಗಳು ಸ್ಪಷ್ಟವಾಗುತ್ತವೆ. ಸಣ್ಣ ಸಣ್ಣ ಒತ್ತು ಗೆರೆಗಳ ಸೂಟು ಬೇಡವೆಂದು ಮೊದಲೇ ಹೇಳಿ ಕಳಿಸುವುದು ಒಳ್ಳೆಯದು, ಡಿಜಿಟಲ್ ಚಿತ್ರದಲ್ಲಿ ಆ ಗೆರೆಗಳ ಮೇಲೆ ಅಲೆ ಅಲೆಯಾದ ಬಣ್ಣ ಮೂಡುತ್ತದೆ. ಹೇಳಿದರೂ ಒಬ್ಬರು ಅದನ್ನೇ ಧರಿಸಿ ಬರುತ್ತಾರೆ.

ತಲೆಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಶಾಲೆಯ ವಾರ್ಷಿಕ ಚಿತ್ರದಂತಾಗುತ್ತದೆ. ಇದಕ್ಕೆ ಉತ್ತರ ಹುಡುಕುವಾಗ ನಾನು ಮತ್ತೆ ಮತ್ತೆ ಹೋಗುವುದು ರೆಂಬ್ರಾಂಟನ ಇನ್ನೊಂದು ಚಿತ್ರಕ್ಕೆ. 1662ರ ಆ ಚಿತ್ರದಲ್ಲಿ ಬಟ್ಟೆಯ ಗುಣಮಟ್ಟ ಪರೀಕ್ಷಿಸುವ ಐವರು ಅಧಿಕಾರಿಗಳು ಮೇಜಿನ ಸುತ್ತ ಇದ್ದಾರೆ. ಅವರಲ್ಲೊಬ್ಬ ಪೂರ್ತಿ ಕುಳಿತೂ ಇಲ್ಲ, ಪೂರ್ತಿ ನಿಂತೂ ಇಲ್ಲ, ಎದ್ದೇಳುತ್ತಿದ್ದಾನೆ. ಆ ಅರೆ ಎದ್ದ ಭಂಗಿಯೊಂದರಿಂದಲೇ ಸಾಲಿನ ಬಿಗುವು ಮುರಿದು, ಯಾರೋ ಈಗಷ್ಟೇ ಕೋಣೆಯೊಳಗೆ ಕಾಲಿಟ್ಟಿದ್ದಾರೆ, ಎಲ್ಲರೂ ಅವರತ್ತ ತಿರುಗಿದ್ದಾರೆ ಎಂಬ ಭಾವ ಹುಟ್ಟುತ್ತದೆ. ಹಿಂದೆ ಟೋಪಿಯಿಲ್ಲದ ಆರನೆಯವನೊಬ್ಬ ನಿಂತಿದ್ದಾನೆ, ಅವನು ಸೇವಕ. ಚಿತ್ರವನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ, ಆ ಸೇವಕನ ಜಾಗವನ್ನು ರೆಂಬ್ರಾಂಟ್ ಒಂದಕ್ಕಿಂತ ಹೆಚ್ಚು ಸಲ ಬದಲಾಯಿಸಿದ್ದು ಕಂಡುಬಂತು. ಅಂಥವನಿಗೂ ಸೇವಕನನ್ನು ಎಲ್ಲಿ ನಿಲ್ಲಿಸಬೇಕೆಂಬುದು ಸುಲಭವಾಗಿ ಹೊಳೆಯಲಿಲ್ಲವೆಂಬುದು ನನಗೆ ಎಷ್ಟೋ ಸಲ ಧೈರ್ಯ ಕೊಟ್ಟಿದೆ. ನಾವು ಕುರ್ಚಿ, ಎತ್ತರದ ಮಣೆ, ಮೇಜಿನ ಅಂಚು, ಕುಳ್ಳಗಿರುವವರ ಕಾಲಡಿಗೆ ಮರದ ಪೆಟ್ಟಿಗೆ, ಇವುಗಳ ನೆರವಿನಿಂದ ತಲೆಗಳನ್ನು ಏರಿಳಿತವಾಗಿ, ಮೂವರು ಮೂವರಂತೆ ತ್ರಿಕೋನಗಳಲ್ಲಿ ಹೊಂದಿಸುತ್ತೇವೆ. ಪೆಟ್ಟಿಗೆಯ ಮೇಲೆ ನಿಲ್ಲಲು ಒಪ್ಪದವರಿಗೆ ಕುರ್ಚಿ ಕೊಡಬೇಕು. ಕುಳಿತವರ ಎತ್ತರವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಯೊಂದನ್ನು ಹೇಳಬೇಕು. ಎಂಟು ಮಂದಿ ಗಂಡಸರ ನಡುವೆ ಒಬ್ಬರೇ ಮಹಿಳಾ ಅಧಿಕಾರಿ ಇದ್ದರೆ ಅವರನ್ನು ಎಲ್ಲಿ ನಿಲ್ಲಿಸುವುದು? ಕಪ್ಪು ಸೂಟುಗಳ ನಡುವೆ ಅವರ ಉಡುಪಿನ ಬಣ್ಣ ಕಣ್ಣಿಗೆ ಹೊಡೆಯುವುದರಿಂದ, ಅವರನ್ನು ನಡುವೆ ಕೂರಿಸಿದರೆ ಚಿತ್ರಕ್ಕೆ ಕಳೆ ಬರುತ್ತದೆಂದು ನಾನೂ ಹಾಗೆಯೇ ಮಾಡುತ್ತಿದ್ದೆ. ಒಮ್ಮೆ ಅಂಥ ಅಧಿಕಾರಿಯೊಬ್ಬರು, "ನನ್ನನ್ನು ಹೂದಾನಿಯ ಹಾಗೆ ನಡುವೆ ಇಡಬೇಡಿ, ನನ್ನ ವಿಭಾಗದವರ ಪಕ್ಕದಲ್ಲಿ ನಿಲ್ಲುತ್ತೇನೆ" ಎಂದರು. ಅಂದಿನಿಂದ ಯಾರು ಯಾರ ಜೊತೆ ಕೆಲಸ ಮಾಡುತ್ತಾರೆ ಎಂದು ಮೊದಲೇ ಕೇಳಿ ತಿಳಿದುಕೊಂಡು, ಆ ನಂಟಿನ ಮೇಲೆ ಜಾಗ ಹಂಚುತ್ತೇನೆ. ಚಿತ್ರವೂ ಹಾಗೆಯೇ ಚೆನ್ನಾಗಿ ಬರುತ್ತದೆ, ಏಕೆಂದರೆ ದಿನವೂ ಮಾತನಾಡುವವರು ಅಕ್ಕಪಕ್ಕ ನಿಂತಾಗ ಮೈ ತಾನೇ ಸಡಿಲವಾಗುತ್ತದೆ.

ಎಷ್ಟು ಸಲ ಗುಂಡಿ ಒತ್ತಬೇಕು? ಇದಕ್ಕೆ ಲೆಕ್ಕವೇ ಇದೆ. ಗುಂಪಿನಲ್ಲಿ ಯಾರೊಬ್ಬರ ಕಣ್ಣೂ ಮುಚ್ಚಿರದ ಒಂದು ಚಿತ್ರ ಸಿಗಲು ಎಷ್ಟು ಚಿತ್ರ ತೆಗೆಯಬೇಕೆಂದು ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಲೆಕ್ಕ ಹಾಕಿದರು. ಅದಕ್ಕೆ 2006ರ ಇಗ್ ನೊಬೆಲ್ ಬಹುಮಾನವೂ ಬಂತು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ, ಕಡಿಮೆ ಬೆಳಕಿನಲ್ಲಿ ಎರಡರಿಂದ ಭಾಗಿಸಿದರೆ ಸಾಕು. ಅಂದರೆ ಹನ್ನೆರಡು ಮಂದಿಗೆ ನಾಲ್ಕು ಅಥವಾ ಆರು. ಬಹುಮಾನ ತಮಾಷೆಯದು, ಲೆಕ್ಕ ತಮಾಷೆಯದಲ್ಲ. ಆದರೆ ಕಣ್ಣು ತೆರೆದಿರುವುದು ಬೇರೆ, ಕಣ್ಣಿನಲ್ಲಿ ಏನಾದರೂ ಇರುವುದು ಬೇರೆ; ನಾನು ನಲವತ್ತಕ್ಕೆ ಕಡಿಮೆ ತೆಗೆಯುವುದಿಲ್ಲ.

ಒಬ್ಬರು ಪ್ರವಾಸದಲ್ಲಿದ್ದಾರೆ, ಅವರನ್ನು ಪ್ರತ್ಯೇಕವಾಗಿ ತೆಗೆದು ಆಮೇಲೆ ಸೇರಿಸಿಬಿಡಿ ಎಂಬ ಬೇಡಿಕೆ ಈಗ ಸಾಮಾನ್ಯವಾಗಿದೆ. ಕ್ಯಾಮೆರಾದ ಎತ್ತರ, ಮಸೂರ ಮತ್ತು ಬೆಳಕಿನ ದಿಕ್ಕು ಒಂದೇ ಆಗಿದ್ದರೆ ಸೇರಿಸುವುದೇನೂ ಕಷ್ಟವಲ್ಲ. ಆದರೆ ಒಂದೇ ಕೋಣೆಯಲ್ಲಿ ಎಂದೂ ಸೇರದವರು ಸೇರಿದ್ದರೆಂದು ಓದುಗರಿಗೆ ತೋರಿಸುವುದಾದರೆ, ಇದು ಜೋಡಿಸಿದ ಚಿತ್ರವೆಂದು ಪತ್ರಿಕೆ ಅಡಿಯಲ್ಲಿ ಬರೆಯಬೇಕೆಂಬುದು ನನ್ನ ಪಟ್ಟು. ಸೇರಿಸುವ ಬದಲು ಬಿಡಿಸಿಯೇ ತೋರಿಸುವ ದಾರಿಯೂ ಉಂಟು. 1976ರ ಅಕ್ಟೋಬರಿನಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಗಾಗಿ ರಿಚರ್ಡ್ ಅವೆಡಾನ್ ಆ ದೇಶದ ರಾಜಕೀಯ, ಉದ್ಯಮ, ಪತ್ರಿಕಾರಂಗಗಳ ಬಲಾಢ್ಯರನ್ನು ಬಿಳಿಯ ಹಿನ್ನೆಲೆಯ ಮುಂದೆ ನಿಲ್ಲಿಸಿ 69 ಕಪ್ಪು ಬಿಳುಪು ಚಿತ್ರಗಳನ್ನು ಪ್ರಕಟಿಸಿದ. ಮೇಜಿಲ್ಲ, ಕುರ್ಚಿಯ ಬೆನ್ನಿಲ್ಲ, ಪಕ್ಕದಲ್ಲಿ ಕೈಕೆಳಗಿನವರಿಲ್ಲ. ಎಲ್ಲರಿಗೂ ಒಂದೇ ಬಿಳಿ. ಅಂತಸ್ತನ್ನು ಚಿತ್ರದಿಂದ ಹೊರಗಿಡಲು ಇದಕ್ಕಿಂತ ಕಟ್ಟುನಿಟ್ಟಾದ ಉಪಾಯವನ್ನು ನಾನು ಕಂಡಿಲ್ಲ. ಆದರೆ ಅದಕ್ಕೆ ಬೇಕಾದ ಪುಟಗಳನ್ನು ಕೊಡುವ ಸಂಪಾದಕರು ಅಪರೂಪ.

ತೆಗೆದ ಚಿತ್ರಗಳನ್ನು ಅಚ್ಚಿಗೆ ಮೊದಲು ನಮಗೆ ತೋರಿಸಿ ಎಂದು ಕಂಪನಿಯವರು ಕೇಳುತ್ತಾರೆ. ಕಂಪನಿಯ ವಾರ್ಷಿಕ ವರದಿಗೆ ತೆಗೆದ ಚಿತ್ರವಾದರೆ ತೋರಿಸುವುದು ನ್ಯಾಯ, ಹಣ ಕೊಟ್ಟವರು ಅವರು. ಪತ್ರಿಕೆಗೆ ತೆಗೆದದ್ದಾದರೆ ಆಯ್ಕೆ ಸಂಪಾದಕರದು. ಈ ಮಾತನ್ನು ದೀಪ ಹಚ್ಚುವ ಮೊದಲೇ ಹೇಳಿಬಿಡಬೇಕು, ಆರಿಸಿದ ಮೇಲೆ ಹೇಳಿದರೆ ಜಗಳವಾಗುತ್ತದೆ.

ಎಲ್ಲ ಮುಗಿದು, ಅಧಿಕಾರಿಗಳು ಊಟಕ್ಕೆ ಹೊರಡುವ ಮೊದಲು, ನನ್ನ ಸಹಾಯಕ ಒಂದು ಕಾಗದದಲ್ಲಿ ಪ್ರತಿಯೊಬ್ಬರ ಹೆಸರು ಮತ್ತು ಹುದ್ದೆಯನ್ನು ಅವರವರು ನಿಂತ ಜಾಗಕ್ಕೆ ಸರಿಯಾಗಿ, ಎಡದಿಂದ ಬಲಕ್ಕೆ ಬರೆದುಕೊಳ್ಳುತ್ತಾನೆ. ಮುಚ್ಚಿದ ಕಣ್ಣಿಗೆ ಕ್ಷಮೆ ಉಂಟು, ತಪ್ಪಿದ ಹೆಸರಿಗೆ ಇಲ್ಲ. ಒಂದು ಸಂಚಿಕೆ ಹೊರಬಂದ ಮರುದಿನ ಒಂದು ಕಂಪನಿಯಿಂದ ದೂರವಾಣಿ ಬಂತು. ಯಾರ ಮುಖವೂ ಮಡಿಕೆಗೆ ಸಿಕ್ಕಿರಲಿಲ್ಲ, ಬೆಳಕು ಸಮವಾಗಿತ್ತು, ಹೆಸರುಗಳೂ ಸರಿಯಿದ್ದವು. "ಚಿತ್ರವೇನೋ ಚೆನ್ನಾಗಿದೆ," ಎಂದರು ಆ ಕಡೆಯವರು, "ಆದರೆ ಅಡಿಬರಹದಲ್ಲಿ ನಮ್ಮ ಅಧ್ಯಕ್ಷರ ಹೆಸರು ಆರನೆಯದಾಗಿ ಬಂದಿದೆಯಲ್ಲ?" ಎಡದಿಂದ ಎಣಿಸಿದರೆ ಅವರು ಆರನೆಯವರೇ ಎಂದು ನಾನು ವಿವರಿಸಿದೆ. ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು, ಮುಂದಿನ ಸಲ ಬಲದಿಂದ ಎಣಿಸಲು ಬರುತ್ತದೆಯೇ ಎಂದು ಕೇಳಿದರು.